ಬೊಳ್ಳಿಮಲೆಯ ಹಿಡಿಮಣ್ಣು

ಚನಿಯಪ್ಪಣ್ಣನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಸುಳ್ಯದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರ ಜೊತೆ ನನ್ನಷ್ಟು ಜಗಳ ಆಡಿದವರು ಯಾರೂ ಇಲ್ಲ. ಹಾಗಾಗಿ ಈ ಕೆಲಸ ನನಗೇ ಸಲ್ಲಬೇಕು.

ಕೊಲ್ಲಮೊಗ್ರಿನಿಂದ ಒಳಗೆ ಹೋಗುವ ರಸ್ತೆ ಮುಗಿಯುವಲ್ಲಿ, ಬೊಳ್ಳಿಮಲೆಯ ಬುಡದಲ್ಲಿ, ನನ್ನದೊಂದು ಹೋಟೆಲು ಇದೆ. ಹೋಟೆಲು ಎಂದರೆ ನಾಲ್ಕು ಬೆಂಚು, ಒಂದು ಸಮಾವರ, ಗಾಜಿನ ಪೆಟ್ಟಿಗೆಯಲ್ಲಿ ಬನ್ಸ್ ಮತ್ತು ಗೋಳಿಬಜೆ. ಸೌದಿಯ ದಮಾಮಿನ ಗೋಡೌನೊಂದರಲ್ಲಿ ವರ್ಷಗಟ್ಟಲೆ ದುಡಿದು, ಸಾಕಪ್ಪ ಎನಿಸಿ ಬಂದವನು ಇಲ್ಲಿ ಕೂತೆ. ಹೆಸರು ಅಬ್ದುಲ್ಲ, ಊರವರು ಕರೆಯುವುದು ಅದ್ದು. ಹೆಂಡತಿ ಸುಹರಾ ಬನ್ಸ್ ಮಾಡುತ್ತಾಳೆ, ನಾನು ಮಾತಾಡುತ್ತೇನೆ. ವ್ಯಾಪಾರಕ್ಕೆ ಎರಡೂ ಬೇಕು ಎನ್ನುವುದು ನನ್ನ ವಾದ, ಒಂದೇ ಸಾಕು ಎನ್ನುವುದು ಅವಳದು.

ಚನಿಯಪ್ಪಣ್ಣನ ಮನೆ ಹೋಟೆಲಿನಿಂದ ಕೂಗಿದರೆ ಕೇಳುವಷ್ಟು ದೂರ. ಅರೆಭಾಷೆ ಗೌಡರು, ಅರುವತ್ತು ದಾಟಿದ ಗಿಡ್ಡ ಆಸಾಮಿ. ಮನೆಯಲ್ಲಿ ಅರೆಭಾಷೆ, ನನ್ನ ಜೊತೆ ತುಳು, ಆಫೀಸರುಗಳ ಜೊತೆ ಕನ್ನಡ ಮಾತಾಡುತ್ತಾರೆ. ಸಿಟ್ಟು ಮಾತ್ರ ಮೂರರಲ್ಲೂ ಒಂದೇ. ಅವರು ತುಳುವಿನಲ್ಲಿ ಆಡಿದ್ದನ್ನೆಲ್ಲ ನಾನಿಲ್ಲಿ ನಮ್ಮ ಕನ್ನಡಕ್ಕೆ ಇಳಿಸಿದ್ದೇನೆ, ಬೈಗಳನ್ನು ಬಿಟ್ಟು. ಬೊಳ್ಳಿಮಲೆಗೆ ಜನ ಬರಬೇಕು ಎಂದು ವರ್ಷಾನುಗಟ್ಟಲೆ ಒದ್ದಾಡಿದ ಈ ಮನುಷ್ಯ, ಕೊನೆಗೆ ಅದೇ ಜನರ ಮುಂದೆ ನಿಂತು ಬೇಡ ಎನ್ನಬೇಕಾಯಿತು. ಅದು ಹೇಗಾಯಿತು ಎಂದು ಹೇಳುತ್ತೇನೆ.

ಮಲೆಯ ತಲೆಯ ಮೇಲೆ ಮರವಿಲ್ಲ, ಬರೀ ಹುಲ್ಲು. ಹುಲ್ಲಿನ ನಡುವೆ ಸೂರಿಲ್ಲದ ಒಂದು ಕಲ್ಲಿನ ಗುಡಿ, ಅದರ ಕೆಳಗೆ ಒಂದು ಕೆರೆ. ಕಟ್ಟಿದ್ದು ಯಾರೆಂದು ಯಾರಿಗೂ ತಿಳಿಯದು. ಕೆಲವರು ಯಾವುದೋ ಅರಸ ಎನ್ನುತ್ತಾರೆ. ಅರಸನ ಹೆಸರು ಕೇಳಿದರೆ ಪಾಂಡವರ ಹೆಸರು ಹೇಳುತ್ತಾರೆ. ಬಹಳ ಹಳೆಯದು ಎಂಬುದಂತೂ ಖಂಡಿತ. ಮೇ ತಿಂಗಳಲ್ಲಿ ನಮ್ಮ ಬಾವಿಗಳೆಲ್ಲ ತಳ ಕಂಡರೂ ಆ ಕೆರೆಯಲ್ಲಿ ನೀರಿರುತ್ತದೆ. ಕಾಡಿನ ಪ್ರಾಣಿಗಳಿಗೂ ಬೇಸಗೆಯಲ್ಲಿ ಅದೇ ನೀರು, ಆದರೆ ಜನರ ಸದ್ದಿದ್ದರೆ ಅವು ಹತ್ತಿರ ಸುಳಿಯುವುದಿಲ್ಲ. ಆ ನೀರನ್ನು ಹಿಡಿದು ನಿಲ್ಲಿಸಿದ್ದು ಬರೀ ಒಂದು ಮಣ್ಣಿನ ದಂಡೆ. ನಮ್ಮ ಮಳೆಗೆ ಮಣ್ಣಿನ ದಂಡೆ ಎಷ್ಟು ದಿನ? ವರ್ಷ ವರ್ಷವೂ ಒಂದಿಷ್ಟು ಕೊಚ್ಚಿ ಹೋಗುತ್ತದೆ.

ಅದಕ್ಕೇ ಹಿಡಿಮಣ್ಣು. ಮಳೆಗಾಲಕ್ಕೆ ಮುಂಚೆ ದೇವರ ಕೆಲಸಗಳೆಲ್ಲ ಮುಗಿಯುವ ಪತ್ತನಾಜೆಗೆ ಮೊದಲಿನ ಭಾನುವಾರ, ಸುತ್ತಲಿನ ಮನೆಗಳವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಹತ್ತಿ ದಂಡೆಗೆ ಸುರಿಯಬೇಕು. ಭಟ್ಟರಿಲ್ಲ, ಪೂಜೆಯಿಲ್ಲ. ಎಲ್ಲರದೂ ಆದ ಮೇಲೆ ಕೊನೆಯ ಬುಟ್ಟಿ ಚನಿಯಪ್ಪಣ್ಣನ ಮನೆಯದು. ದಂಡೆಯಲ್ಲಿ ಎಲ್ಲಿ ಹೆಚ್ಚು ಹರಿದಿದೆಯೋ ಅಲ್ಲಿ ಅದನ್ನು ಸುರಿದು ಮೆಟ್ಟಿದರೆ ಕಂಡಿ ಮುಚ್ಚಿತು ಎಂದು ಅರ್ಥ. ಆ ಮನೆಗೆ ಬೇರೆ ದೊಡ್ಡಸ್ತಿಕೆ ಏನೂ ಇಲ್ಲ, ಇರುವುದು ಅದೊಂದೇ.

ಅವರ ಅಪ್ಪನ ಕಾಲು ಸೋತ ಮೇಲೆ ಈ ಕ್ರಮ ನಿಂತುಹೋಗಿತ್ತು. ಚನಿಯಪ್ಪಣ್ಣ ಆಗ ಕಬಕದ ಒಂದು ಮರದ ಮಿಲ್ಲಿನಲ್ಲಿದ್ದರು. ಮಿಲ್ಲು ಬಿಟ್ಟು ಊರಿಗೆ ಬಂದು, ಒಂದು ಮಳೆಗಾಲದ ನಂತರ ಮಲೆ ಹತ್ತಿ ನೋಡಿದಾಗ ದಂಡೆ ಅರ್ಧ ಕರಗಿತ್ತಂತೆ. ಅವತ್ತು ಇಳಿದು ಬಂದವರೇ ಮನೆ ಮನೆ ತಿರುಗಿದರು. ಮೊದಲ ವರ್ಷ ಬಂದವರು ಬೆರಳಲ್ಲಿ ಎಣಿಸುವಷ್ಟು. ಅವರಲ್ಲಿ ಅರ್ಧ ಜನ ನನ್ನ ಗೋಳಿಬಜೆಗೆ ಬಂದದ್ದು.

ಜನ ಹೆಚ್ಚಾಗಲು ಚನಿಯಪ್ಪಣ್ಣ ಒಂದು ಉಪಾಯ ಮಾಡಿದರು. ಹಿಂದೆ ಎಲ್ಲರೂ ಒಯ್ಯುತ್ತಿದ್ದ ಮಣ್ಣು ಅವರ ಮನೆಯಲ್ಲೇ ತುಂಬಿಸಿ ಕೊಡುತ್ತಿದ್ದದ್ದು. ಇವರು ಶಾಲೆಯ ಬಯಲಿನಲ್ಲಿ ಮೈಕ್ ಹಿಡಿದು ಹೇಳಿದರು:

"ನಮ್ಮ ಮನೆಯ ಮಣ್ಣು ಯಾಕೆ? ಅವರವರ ಅಂಗಳದ ಮಣ್ಣು ತನ್ನಿ. ಮಲೆ ಎಲ್ಲರದ್ದೂ ಆಗ್ಲಿ."

ಮಾತು ಚೆನ್ನಾಗಿತ್ತು, ಜನಕ್ಕೆ ಹಿಡಿಸಿತು. ಕಡಬದಿಂದ ಬಂದರು, ಪುತ್ತೂರಿನಿಂದ ಬಂದರು. ಮಗುವಿಗೆ ಜ್ವರ ಬಿಟ್ಟರೆ ಅಂಗಳದ ಮಣ್ಣು ತರುತ್ತೇನೆ, ಮನೆ ಕೆಲಸ ಮುಗಿದರೆ ತರುತ್ತೇನೆ ಎಂದು ಹರಕೆ ಹೇಳಿಕೊಂಡರು. ಆಮೇಲೆ ಯಾರೋ ಮಂಜಿನಲ್ಲಿ ಕಾಣುವ ಗುಡಿಯ ವಿಡಿಯೊ ಮಾಡಿ ಹಾಕಿದರು. ಅಲ್ಲಿಗೆ ಮುಗಿಯಿತು. ಭಾನುವಾರ ಭಾನುವಾರ ಕಾರುಗಳ ಸಾಲು, ಮೇಲಿನವರೆಗೆ ಜೀಪು, ಕೆರೆಯಲ್ಲಿ ಕಾಲು ಇಳಿಬಿಟ್ಟು ಫೋಟೊ. ಹಿಡಿಮಣ್ಣಿನ ಹೆಸರೇ ಗೊತ್ತಿಲ್ಲದವರೂ ಮಣ್ಣು ತಂದರು. ನನ್ನ ವ್ಯಾಪಾರ ಎಷ್ಟಾಯಿತೆಂದರೆ ಸುಹರಾ ನನ್ನ ಮಾತು ನಿಲ್ಲಿಸಿ ಹಿಟ್ಟು ಕಲಸಲು ಹಚ್ಚಿದಳು. ಚನಿಯಪ್ಪಣ್ಣ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಂಚಿನಲ್ಲಿ ಕೂತು, ಬಂದವರಿಗೆಲ್ಲ ಹಿಡಿಮಣ್ಣಿನ ಕಥೆ ಹೇಳುತ್ತಿದ್ದರು. ಆ ದಿನಗಳಲ್ಲಿ ಅವರಷ್ಟು ಸಂತೋಷದ ಮನುಷ್ಯ ಈ ತಾಲೂಕಿನಲ್ಲೇ ಇರಲಿಲ್ಲ.

ಆಗ ಬಂದದ್ದು ಭವಿತಾ ಟೀಚರ್. ಪುತ್ತೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ರಜೆಯಲ್ಲಿ ಮಲೆ ಹತ್ತಿ ಇಳಿದು, ಕೈಯ ಗೀರುಗಳನ್ನು ಒರೆಸಿಕೊಳ್ಳುತ್ತ ನನ್ನಲ್ಲಿ ಚಾ ಕೇಳಿದರು. ಮೇಲೆ ದಂಡೆಯ ಉದ್ದಕ್ಕೂ ನಾಚಿಕೆ ಮುಳ್ಳು ಎದ್ದಿದೆ ಎಂದರು. ನೆಲದಲ್ಲಿ ಬೆಳೆಯುವ ಸಣ್ಣದಲ್ಲ, ರಬ್ಬರ್ ತೋಟದವರು ಹೆಸರು ಕೇಳಿದರೆ ಉಗುಳುವ ದೊಡ್ಡ ಜಾತಿ, ಬಳ್ಳಿಯ ಹಾಗೆ ಹಬ್ಬುವಂಥದ್ದು. ಅದು ಮಣ್ಣಿನ ಜೊತೆಯೇ ಬಂದದ್ದು ಎಂದೂ ಹೇಳಿದರು.

ಚನಿಯಪ್ಪಣ್ಣ ಪಕ್ಕದ ಬೆಂಚಿನಲ್ಲೇ ಇದ್ದರು.

"ಯಾವ ಮಣ್ಣು?" ಎಂದರು.

"ಜನ ತಂದು ಹಾಕ್ತಾರಲ್ವಾ, ಅದೇ. ಅಂಗಳದ ಮಣ್ಣಲ್ಲಿ ಬೀಜ ಇರ್ತದೆ. ವರ್ಷಗಟ್ಟಲೆ ಹಾಗೇ ಇದ್ದು ಮತ್ತೆ ಹುಟ್ತದೆ."

"ನೂರಾರು ವರ್ಷದಿಂದ ಹಾಕ್ತಾ ಬಂದದ್ದು ಟೀಚರ್. ಆಗ ಹುಟ್ಟದ್ದು ಈಗ ಹುಟ್ಟುದಾ? ಕಾಲೇಜಲ್ಲಿ ಪಾಠ ಮಾಡಿ. ಮಲೆಗೆ ಮಾಡ್ಬೇಡಿ."

ಟೀಚರ್ ಚಾ ಕುಡಿದು ಹೋದರು. ನಾನು ಚನಿಯಪ್ಪಣ್ಣನ ಪರವಾಗಿಯೇ ಇದ್ದೆ. ಅಂಗಡಿಯ ಎದುರು ಕಾರು ನಿಲ್ಲುವಾಗ ಮುಳ್ಳಿನ ಮಾತು ಯಾರಿಗೆ ಬೇಕು?

ಆದರೆ ಅವರಿಗೆ ಸಮಾಧಾನ ಇರಲಿಲ್ಲ. ಮರುದಿನವೇ ಕತ್ತಿ ಹಿಡಿದು ಒಬ್ಬರೇ ಹತ್ತಿದರು. ಸಂಜೆ ಇಳಿದು ಬಂದು ಬೆಂಚಿನಲ್ಲಿ ಕೂತವರು ಚಾ ಮುಟ್ಟಲಿಲ್ಲ. ಕತ್ತಿ ಕೆಳಗಿಟ್ಟು ಹೇಳಿದರು:

"ಮುಳ್ಳು ಉಂಟು ಅದ್ದು. ಮುಳ್ಳು ಮಾತ್ರ ಅಲ್ಲ. ಪಪ್ಪಾಯಿ ಗಿಡ ಉಂಟು. ಗಾಂಧಾರಿ ಮೆಣಸು ಉಂಟು. ಗೊಂಡೆ ಹೂ ಆಗಿ ನಿಂತಿದೆ ಮಾರಾಯ, ದೇವರ ಕಲ್ಲಿನ ಬುಡದಲ್ಲಿ. ಯಾರ್ಯಾರದ್ದೋ ಹಿತ್ತಿಲು ಹೊಕ್ಕ ಹಾಗೆ ಆಯ್ತು ನಂಗೆ."

ಗುಡಿಯ ಗೋಡೆಯ ಎರಡು ಕಲ್ಲುಗಳ ನಡುವೆ ಬೇರು ಇಳಿದು ಕಲ್ಲು ಜರುಗಿತ್ತಂತೆ. ಜೀಪು ತಿರುಗುವಲ್ಲಿ ಹುಲ್ಲು ಸತ್ತು ನೆಲ ಕೆಂಪಾಗಿ, ಅಲ್ಲಿಂದ ಮಣ್ಣು ನೇರ ಕೆರೆಗೆ ಇಳಿಯುತ್ತಿತ್ತಂತೆ. ದಂಡೆ ಉಳಿಸಲು ಹೊತ್ತ ಮಣ್ಣು ಒಂದು ಕಡೆ, ಹೊರುವವರ ಜೀಪು ಕೆರೆ ತುಂಬಿಸುತ್ತಿರುವ ಮಣ್ಣು ಇನ್ನೊಂದು ಕಡೆ. ಅವರು ತಲೆ ತಗ್ಗಿಸಿ ಕೂತದ್ದು ನೋಡಿ ನನಗೆ ತೀರಾ ಸಂಕಟವಾಯಿತು. ಕಿಂಡಲ್ ಮಾಡಲು ಬಾಯಿ ಬರಲಿಲ್ಲ, ನನಗೆ ಅದು ಅಪರೂಪ.

ಚಳಿಗಾಲ ಮುಗಿಯುವ ಹೊತ್ತಿಗೆ ಅರಣ್ಯದವರಿಗೂ ವಿಷಯ ಗೊತ್ತಾಯಿತು. ಪಂಚಾಯತಿನ ಹಾಲಿನಲ್ಲಿ ಸಭೆ ಕರೆದರು. ಮಲೆಯನ್ನು ಕೆಲವು ವರ್ಷ ಪೂರ್ತಿ ಮುಚ್ಚುವುದೇ ದಾರಿ ಎಂದರು ಆಫೀಸರು. ಜೀಪಿನವರ ಪರವಾಗಿ ಜಯಪ್ರಕಾಶ್ ಎದ್ದ. ಈ ಕಡೆ ಮೊದಲು ಜೀಪು ತಂದವನು ಅವನೇ.

"ಮುಚ್ಚಿದ್ರೆ ನಾವು ಎಂತ ಮಾಡುದು? ಇಷ್ಟು ಜನ ಇದನ್ನೇ ನಂಬಿ ಕೂತಿದ್ದೇವೆ."

ನಾನೂ ಎದ್ದು ಅವನ ಮಾತಿಗೆ ಮಾತು ಸೇರಿಸಿದೆ. ಮುಚ್ಚುವುದು ಸುಲಭ, ನೋಡಿಕೊಳ್ಳುವುದು ಕಷ್ಟ, ನಿಮಗೆ ಸುಲಭದ್ದೇ ಬೇಕು ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಚನಿಯಪ್ಪಣ್ಣ ಎದ್ದರು.

"ಮುಚ್ಚುದು ಬೇಡ. ಜನ ಹೋಗದಿದ್ರೆ ಮಣ್ಣು ಹೊರುವವರು ಇಲ್ಲ, ದಂಡೆ ನಿಲ್ಲುದಿಲ್ಲ. ಅದು ನನ್ನ ಅಪ್ಪನ ಕಾಲದಲ್ಲಿ ನೋಡಿ ಆಗಿದೆ. ಆದ್ರೆ ಇಷ್ಟು ಜನ ಬೇಡ. ದಿನಕ್ಕೆ ಇನ್ನೂರು, ಹಿಡಿಮಣ್ಣಿನ ದಿನವೂ ಇನ್ನೂರೇ. ಜೀಪು ಬುಡದವರೆಗೆ ಮಾತ್ರ. ಮತ್ತೆ, ಅಂಗಳದ ಮಣ್ಣು ಯಾರೂ ತರ್ಬಾರ್ದು."

ಹಾಲಿನಲ್ಲಿ ಗದ್ದಲವೆದ್ದಿತು. ಜಯಪ್ರಕಾಶ್ ಕೇಳಿಯೇಬಿಟ್ಟ:

"ಜನ ಕರೆದದ್ದು ನೀವು. ಮಣ್ಣು ತನ್ನಿ ಅಂತ ಮೈಕಲ್ಲಿ ಹೇಳಿದ್ದು ನೀವು. ಈಗ ಬೇಡ ಅನ್ನುದೂ ನೀವಾ?"

"ಹೌದು. ಕರೆದವನೇ ಹೇಳ್ಬೇಕು. ಬೇರೆಯವರು ಹೇಳಿದ್ರೆ ಬಂದವರಿಗೆ ಮರ್ಯಾದೆ ಹೋಗ್ತದೆ."

ಆಫೀಸರು ಒಂದು ವರ್ಷ ನೋಡುವ ಎಂದು ಒಪ್ಪಿದರು. ಒಂದು ಷರತ್ತು ಹಾಕಿದರು: ಹಿಡಿಮಣ್ಣಿನ ದಿನ ಇನ್ನೂರಕ್ಕೆ ಒಬ್ಬ ಹೆಚ್ಚಾದರೂ ಮಲೆಯ ಗೇಟಿಗೆ ಬೀಗ. ಚನಿಯಪ್ಪಣ್ಣ ಹೂಂ ಎಂದರು. ಹೊರಗೆ ಬರುವಾಗ ಅವರ ಜೊತೆ ನಡೆದವನು ನಾನೊಬ್ಬನೇ. ಅದೂ ಜಗಳ ಆಡಲಿಕ್ಕೆ.

"ಅಂಗಳದ ಮಣ್ಣು ಬೇಡ ಅಂದ್ರೆ ದಂಡೆಗೆ ಎಂತ ಹಾಕುದು? ಸಿಮೆಂಟಾ?"

"ಗೊತ್ತಿಲ್ಲ."

"ಗೊತ್ತಿಲ್ಲದೆ ಸಭೆಯಲ್ಲಿ ಹೇಳಿದ್ದಾ?"

"ಹೇಳ್ಬೇಕಾದ್ದು ಗೊತ್ತಿತ್ತು. ಹೇಳಿದೆ."

ಹೀಗೆ ಕಚ್ಚಾಡುತ್ತ ಅವರ ಮನೆ ಮುಟ್ಟಿದೆವು. ಹೆಂಡತಿ ದುಗ್ಗಮ್ಮಕ್ಕ ಹಿತ್ತಿಲಲ್ಲಿ ಸುಡುಮಣ್ಣು ಮಾಡುತ್ತಿದ್ದರು. ನಮ್ಮ ಕಡೆ ತರಕಾರಿ ಹಾಕುವವರೆಲ್ಲ ಮಾಡುವ ಕೆಲಸ ಅದು. ಒಣ ಸೊಪ್ಪು, ಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ನಿಧಾನಕ್ಕೆ ಬೇಯಲು ಬಿಡುವುದು. ಎರಡು ದಿನದಲ್ಲಿ ಕಪ್ಪಗೆ ಪುಡಿಪುಡಿಯಾದ ಮಣ್ಣು ಸಿಗುತ್ತದೆ. ಅದರಲ್ಲಿ ಹರಿವೆ ಬಿತ್ತಿದರೆ ಹರಿವೆ ಮಾತ್ರ ಏಳುತ್ತದೆ, ಕಳೆ ಏಳುವುದಿಲ್ಲ.

ಸಭೆಯ ಸುದ್ದಿಯನ್ನು ನಾನೇ ಹೇಳಿದೆ. ದುಗ್ಗಮ್ಮಕ್ಕ ಹೊಗೆಯಿಂದ ಮುಖ ತಿರುಗಿಸಿ ಗಂಡನನ್ನು ನೋಡಿದರು.

"ಮಾವ ಇರುವಾಗ ಮಲೆಗೆ ಹೋಗ್ತಿದ್ದದ್ದು ಈ ಮಣ್ಣೇ ಅಲ್ವಾ?"

ಚನಿಯಪ್ಪಣ್ಣ ನಿಂತಲ್ಲೇ ನಿಂತರು.

"ಕಪ್ಪು ಮಣ್ಣು," ಎಂದರು. "ಹೌದು. ಕಪ್ಪಾಗಿತ್ತು. ಹೊರ್ಲಿಕ್ಕೆ ಹಗುರ ಅಂತ ಕೊಡುದು ಅಂತ ನಾನು ತಿಳ್ಕೊಂಡಿದ್ದೆ."

"ಅತ್ತೆ ನನ್ನ ಕೈಯಲ್ಲೇ ಸುಡಿಸಿ ಬುಟ್ಟಿ ತುಂಬಿಸ್ತಿದ್ರು. ನೀವು ಕಬಕದಿಂದ ಬಂದು ಬುಟ್ಟಿಗೆ ತಲೆ ಕೊಡ್ತಿದ್ರಿ, ಅಷ್ಟೆ."

"ಮತ್ತೆ ನೀನು ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಯಾವಾಗ? ನಂಗೆ ಗೊತ್ತಾಗುವಾಗ ನೀವು ಮೈಕಲ್ಲಿ ಹೇಳಿ ಆಗಿತ್ತು."

ಹಿರಿಯರಿಗೆ ಎಲ್ಲ ತಿಳಿದಿತ್ತು ಎಂದು ಹೇಳುವ ಜಾತಿಯವನು ನಾನಲ್ಲ. ಆ ಅತ್ತೆಗೆ ಬೀಜದ ವಿಷಯ ಗೊತ್ತಿತ್ತೋ, ಅಥವಾ ಮಳೆಗೆ ಮುಂಚೆ ಹಿತ್ತಿಲಲ್ಲಿ ಹೇಗೂ ಸಿದ್ಧ ಇದ್ದದ್ದನ್ನೇ ತುಂಬಿ ಕಳಿಸುತ್ತಿದ್ದರೋ, ಯಾರಿಗೆ ಗೊತ್ತು. ಭವಿತಾ ಟೀಚರಿಗೆ ಫೋನ್ ಮಾಡಿ ಕೇಳಿದೆವು. ಚೆನ್ನಾಗಿ ಬೆಂದಿದ್ದರೆ ಬೀಜ ಉಳಿಯಲಿಕ್ಕಿಲ್ಲ, ಆದರೆ ಬರೀ ಸುಟ್ಟ ಮಣ್ಣಿಗೆ ಹಿಡಿತ ಕಡಿಮೆ, ಜೇಡಿಮಣ್ಣು ಬೆರೆಸಿ ಬೇಯಿಸಿ ನೋಡಿ ಎಂದರು. ಅದಕ್ಕೂ ಮೊದಲು ಚನಿಯಪ್ಪಣ್ಣ ಫೋನ್ ಕಿತ್ತುಕೊಂಡು, ಅವತ್ತು ಬೈದದ್ದಕ್ಕೆ ತಪ್ಪಾಯ್ತು ಟೀಚರ್ ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನು ಅವರು ನನಗೆ ಹೇಳುವುದು ಇನ್ನೂ ಬಾಕಿ ಇದೆ.

ಆ ಬೇಸಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಣ್ಣು ಬೇಯಿಸಿದರು. ಸುಟ್ಟ ಮಣ್ಣು ಅಪಶಕುನ, ಸ್ಮಶಾನದ ನೆನಪಾಗುತ್ತದೆ ಎಂದು ಕೆಲವರು ಮುಖ ಗಂಟಿಕ್ಕಿದರು. ನಮ್ಮ ಹರಕೆ ನಮ್ಮ ಅಂಗಳದ್ದು, ನಿಮ್ಮ ಹಿತ್ತಿಲಿನದ್ದಲ್ಲ ಎಂದು ಜಗಳ ತೆಗೆದವರೂ ಇದ್ದರು. ಚನಿಯಪ್ಪಣ್ಣ ಇಸ್ತ್ರಿ ಅಂಗಿ ಬಿಟ್ಟು ಮಸಿಯ ಬನಿಯನಿನಲ್ಲಿ ಓಡಾಡಿದರು. ದಿನ ಬೆಳಗಾದರೆ ಹೋಟೆಲಿನ ಮುಂದೆ ಒಬ್ಬರಿಲ್ಲದಿದ್ದರೆ ಒಬ್ಬರ ಹತ್ತಿರ ಬೈಸಿಕೊಳ್ಳುವುದು ಅವರಿಗೆ ರೂಢಿಯಾಯಿತು.

ಹಿಡಿಮಣ್ಣಿನ ಭಾನುವಾರ ಬಂತು. ಗೇಟಿನಲ್ಲಿ ಗಾರ್ಡ್ ಉಲ್ಲಾಸ್ ಟೋಕನ್ ಕೊಡುತ್ತಿದ್ದ, ದುಗ್ಗಮ್ಮಕ್ಕ ಬುಟ್ಟಿಗೆ ಕಪ್ಪು ಮಣ್ಣು ಅಳೆದು ಹಾಕುತ್ತಿದ್ದರು. ಟೋಕನ್ ಸಿಗದವರು ಬೈದರು, ಬೈದು ನನ್ನಲ್ಲಿ ಚಾ ಕುಡಿದರು, ಕುಡಿದು ಮತ್ತೆ ಬೈದರು. ಜಯಪ್ರಕಾಶನ ಜೀಪುಗಳು ಬುಡದಲ್ಲೇ ನಿಂತವು. ಅವನು ಯಾರ ಮುಖವನ್ನೂ ನೋಡದೆ ಕೂತಿದ್ದ, ಆದರೆ ಗೇಟು ದಾಟಿಸಲಿಲ್ಲ. ಮಧ್ಯಾಹ್ನ ಕಳೆದು ಸಂಜೆ ಹತ್ತಿರವಾದಾಗ ಹತ್ತಿದವರೆಲ್ಲ ಹೆಚ್ಚು ಕಡಿಮೆ ಇಳಿದಾಗಿತ್ತು. ಉಳಿದದ್ದು ಒಂದೇ ಟೋಕನ್, ಕಂಡಿ ಮುಚ್ಚುವವರದು. ಚನಿಯಪ್ಪಣ್ಣ ಮಿಂದು, ಬಿಳಿ ಪಂಚೆ ಉಟ್ಟು ಬುಟ್ಟಿಯ ಹತ್ತಿರ ಬಂದಿದ್ದರು.

ಅಷ್ಟರಲ್ಲಿ ಒಬ್ಬ ಹೆಂಗಸು ರಸ್ತೆಯಲ್ಲಿ ಅವಸರವಸರವಾಗಿ ಬಂದರು. ನನಗಿಂತ ದೊಡ್ಡ ಪ್ರಾಯ. ಕಂಕುಳಲ್ಲಿ ಬಟ್ಟೆಯ ಗಂಟು. ಉಪ್ಪಿನಂಗಡಿಯಿಂದ ಬಂದದ್ದು, ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು ಎಂದರು. ಕಳೆದ ಮಳೆಗಾಲ ಹೊಳೆ ಏರಿ ಅವರ ಮನೆಯ ಮೆಟ್ಟಿಲು ಮುಟ್ಟಿತ್ತಂತೆ. ಒಳಗೆ ಎದ್ದು ನಡೆಯಲಾಗದ ಗಂಡ. ನೀರು ಇಳಿದರೆ ಈ ಅಂಗಳದ ಹಿಡಿಮಣ್ಣು ಮಲೆಗೆ ಹೊರುತ್ತೇನೆ ಎಂದು ಹೇಳಿಕೊಂಡರಂತೆ. ನೀರು ಮೆಟ್ಟಿಲಲ್ಲೇ ನಿಂತು ಇಳಿಯಿತಂತೆ.

"ಟೋಕನ್ ಮುಗಿದಿದೆ ಅಮ್ಮ," ಎಂದ ಉಲ್ಲಾಸ್.

"ನಾನೊಬ್ಬಳು ಹೋದ್ರೆ ಎಂತ ಆಗ್ತದೆ ಮಗಾ?"

ಎಲ್ಲರೂ ಕೇಳುವುದು ಅದೇ ಪ್ರಶ್ನೆ, ಮಲೆ ಹಾಳಾದದ್ದು ಅದೇ ಪ್ರಶ್ನೆಯಿಂದ. ಆದರೂ ಆ ಮುಖ ನೋಡಿ ನನಗೆ ಹಾಗೆನ್ನಲು ಆಗಲಿಲ್ಲ. ಬಿಡು ಮಾರಾಯ, ಒಬ್ಬರಲ್ವಾ ಎಂದು ಉಲ್ಲಾಸನಿಗೆ ನಾನೇ ಹೇಳಿದೆ. ಅವನು ಚನಿಯಪ್ಪಣ್ಣನನ್ನು ನೋಡಿದ.

ಚನಿಯಪ್ಪಣ್ಣ ಹೆಂಗಸಿನ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಇದು ಮೇಲೆ ಹೋಗ್ಲಿಕ್ಕಿಲ್ಲ ಅಕ್ಕಾ. ನಮ್ಮ ಹಿತ್ತಿಲಲ್ಲಿ ಬೇಯಿಸಿ ಇಡ್ತೇನೆ, ಬರುವ ವರ್ಷ ಇದೇ ಹೋಗ್ತದೆ. ಇವತ್ತು ಇದು ಹೊರಿ."

ಎಂದವರೇ ತಮ್ಮ ಮನೆಯ ಬುಟ್ಟಿಯನ್ನು ಎತ್ತಿ ಅವರ ತಲೆಗೆ ಕೊಟ್ಟರು. ಟೋಕನನ್ನು ಕೈಗೆ ಕೊಟ್ಟರು. ದುಗ್ಗಮ್ಮಕ್ಕನ ಕೈಯ ಸೇರು ಹಾಗೇ ನಿಂತಿತು.

"ಗೌಡ್ರೆ, ನೀವೂ ಹೋಗಿ," ಎಂದ ಉಲ್ಲಾಸ್, ತಗ್ಗಿದ ದನಿಯಲ್ಲಿ. "ನಿಮ್ಮನ್ನು ಯಾರು ಕೇಳ್ತಾರೆ?"

"ಯಾರೂ ಕೇಳುದಿಲ್ಲ. ಅದಕ್ಕೇ ಹೋಗುದಿಲ್ಲ," ಎಂದರು ಚನಿಯಪ್ಪಣ್ಣ. "ಅಕ್ಕನ ಜೊತೆ ನೀನು ಹೋಗು, ಗಾರ್ಡಿಗೆ ಲೆಕ್ಕ ಇಲ್ಲ. ದಂಡೆಯಲ್ಲಿ ಹರಿದ ಜಾಗ ತೋರ್ಸು."

ಅವರಿಬ್ಬರು ಹತ್ತಿದರು. ಚನಿಯಪ್ಪಣ್ಣ ಹೋಟೆಲಿನ ಬೆಂಚಿಗೆ ಬಂದು ಮಲೆಗೆ ಬೆನ್ನು ಹಾಕಿ ಕೂತರು. ಕಂಡಿ ಮುಚ್ಚಲು ಅವರ ಮನೆಯವರು ಇಲ್ಲದ ಹಿಡಿಮಣ್ಣು ಇದುವರೆಗೆ ಆದದ್ದಿಲ್ಲ. ನಾನು ಕೇಳಬಾರದಿತ್ತು, ಬಾಯಿ ಸುಮ್ಮನಿರಲಿಲ್ಲ.

"ಬೇಜಾರು ಉಂಟಾ?"

"ಉಂಟು," ಎಂದರು. "ಚಾ ಕೊಡು."

ಸುಹರಾ ಚಾ ತಂದಿಟ್ಟಳು, ಕೇಳದೆ ಎರಡು ಬನ್ಸ್ ಇಟ್ಟಳು. ದುಗ್ಗಮ್ಮಕ್ಕ ಬಂದು ಗಂಡನ ಪಕ್ಕದಲ್ಲಿ ಕೂತರು. ಹೋಟೆಲಿನ ಬೆಂಚಿನಲ್ಲಿ ಅವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊತ್ತು ಮುಳುಗುವ ಮೊದಲು ಆ ಹೆಂಗಸು ಉಲ್ಲಾಸನ ಜೊತೆ ಇಳಿದು ಬಂದರು. ಚನಿಯಪ್ಪಣ್ಣ ಎದ್ದು ನಿಂತರು.

"ಕಂಡಿ ಮುಚ್ಚಿತಾ ಅಕ್ಕಾ?"

"ಈ ಮಗು ತೋರಿಸಿದಲ್ಲಿ ಹಾಕಿ ಮೆಟ್ಟಿದೆ ಅಣ್ಣಾ. ಆದ್ರೆ ಅದಕ್ಕೆ ಮೊದ್ಲು ತುಂಬ ಹೊತ್ತು ದಂಡೆಯ ಈಚೆ ನಿಲ್ಬೇಕಾಯ್ತು. ಮುಂದೆ ಹೋಗ್ಲಿಕ್ಕೆ ಧೈರ್ಯ ಬರ್ಲಿಲ್ಲ."

"ಯಾಕೆ?"

"ಒಂದು ದೊಡ್ಡ ಪ್ರಾಣಿ, ಕೊಂಬು ಉಂಟು. ಅದರ ಹತ್ರ ಇನ್ನೊಂದು, ಒಂದು ಮರಿಯೂ ಇತ್ತು. ಕೆರೆಗೆ ಬಾಯಿ ಹಾಕಿ ನೀರು ಕುಡೀತಾ ಇದ್ವು. ನಾವು ಬಂದದ್ದು ಕಂಡ್ರೂ ಓಡ್ಲಿಲ್ಲ. ಕುಡಿದು ಆದ ಮೇಲೆ ಹೋದ್ವು."

"ಕಡವೆ ಗೌಡ್ರೆ," ಎಂದ ಉಲ್ಲಾಸ್. "ಮೂರು ಇತ್ತು."

ಚನಿಯಪ್ಪಣ್ಣ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳುವ ಯೋಚನೆಯೂ ಇರಲಿಲ್ಲ.

"ಹಿಡಿಮಣ್ಣಿನ ದಿನ, ಅದ್ದು," ಎಂದರು. "ಹಿಡಿಮಣ್ಣಿನ ದಿನವೇ ಬಂದದ್ದು. ನಾನು ಒಂದು ಸಲವೂ ನೋಡಿದ್ದಿಲ್ಲ."